ಪಾಲಿಕೆಯ ಸೇವೆ ವಹಿಸಿಕೊಳ್ಳುವ ಮುನ್ನ: ಬೆಂಗಳೂರಿನ ಸಾಮಾಜಿಕ ಉದ್ಯಮಗಳಿಗೆ ಒಂದು ಮಾರ್ಗದರ್ಶಿ

ಬೆಂಗಳೂರಿನಲ್ಲಿ ಸರ್ಕಾರದ ಹೆಸರಿನಲ್ಲಿ ನಡೆಯುವ ಎಷ್ಟೋ ಸೇವೆಗಳನ್ನು ನಡೆಸುತ್ತಿರುವವರು ಸರ್ಕಾರಿ ನೌಕರರಲ್ಲ. ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳಲ್ಲಿ ಹಲವನ್ನು ನೋಡಿಕೊಳ್ಳುವವರು ಒಂದು ಕಾಲಕ್ಕೆ ಬೀದಿಯಲ್ಲಿ ಚೀಲ ಹೊತ್ತು ಚಿಂದಿ ಆಯುತ್ತಿದ್ದವರು. ನಿರ್ಗತಿಕರ ರಾತ್ರಿ ತಂಗುದಾಣಗಳು ಸ್ವಯಂಸೇವಾ ಸಂಸ್ಥೆಗಳ ಕೈಯಲ್ಲಿವೆ. ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆಗೆ ಪಾಲಿಕೆ ನಾಯಿಗೆ ಇಷ್ಟು ಎಂಬ ದರದಲ್ಲಿ ಹೊರಗಿನ ಸಂಸ್ಥೆಗಳಿಗೆ ಹಣ ಕೊಡುತ್ತದೆ. ಶಾಲಾ ಮಕ್ಕಳಿಗೆ ಊಟ ಬಡಿಸುವ ಅಕ್ಷಯ ಪಾತ್ರ 2000ನೇ ಇಸವಿಯಲ್ಲಿ ಇದೇ ಊರಿನ ಐದು ಶಾಲೆಗಳ 1,500 ಮಕ್ಕಳಿಂದ ಶುರುವಾಯಿತು.

ನಿಮ್ಮದೊಂದು ಟ್ರಸ್ಟ್, ಸ್ತ್ರೀಶಕ್ತಿ ಸಂಘಗಳ ಒಕ್ಕೂಟ, ಸಹಕಾರ ಸಂಘ ಅಥವಾ ಲಾಭ ಹಂಚಿಕೊಳ್ಳದ ಸೆಕ್ಷನ್ 8 ಕಂಪನಿ ಇದ್ದು, ನಮ್ಮ ವಾರ್ಡಿನಲ್ಲಿ ಇಂಥದೊಂದು ಕೆಲಸ ನಾವೇ ವಹಿಸಿಕೊಂಡರೆ ಹೇಗೆ ಎಂದು ಯೋಚಿಸುತ್ತಿದ್ದರೆ ಈ ಬರಹ ನಿಮಗೆ. ಮೊದಲೇ ಒಂದು ಮಾತು. ನನಗೆ ಕಂಡಂತೆ ಇಂಥ ಪ್ರಯತ್ನಗಳು ಸೇವೆ ಕೆಟ್ಟು ನಿಲ್ಲುವುದು ಅಪರೂಪ. ದುಡ್ಡು ಬರುವ ದಾರಿ ಕಡತದಲ್ಲಿ ಇಲ್ಲದೆ ನಿಲ್ಲುವುದೇ ಹೆಚ್ಚು. ಆಯುಕ್ತರು ಶಾಲು ಹೊದಿಸಿ ಫೋಟೊ ತೆಗೆಸಿಕೊಂಡ ಒಡಂಬಡಿಕೆಗೆ ಬಜೆಟ್ಟಿನಲ್ಲಿ ಲೆಕ್ಕ ಶೀರ್ಷಿಕೆಯೇ, ಅಂದರೆ ಹಣ ತೆಗೆದಿಟ್ಟ ಸಾಲೇ, ಇರುವುದಿಲ್ಲ. ಆಗ ಸರ್ಕಾರದ ಕೆಲಸಕ್ಕೆ ಬಡವರ ಸಂಸ್ಥೆ ಸಾಲ ಕೊಟ್ಟಂತಾಗುತ್ತದೆ.

ಮೊದಲ ಹೆಜ್ಜೆ: ಯಾರ ಬಾಗಿಲು?

ಇಡೀ ಊರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಈಗ ಇಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್ 2ರಿಂದ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳಾದವು. ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿದೆ. ಕಸದ ವಿಷಯಕ್ಕೆ 2021ರಲ್ಲಿ ಹುಟ್ಟಿದ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ಕಂಪನಿ ಬೇರೆ ಇದೆ. ಹೀಗಾಗಿ ಒಂದೇ ವಾರ್ಡಿನಲ್ಲಿ ಶೆಡ್ಡಿನ ಜಾಗ ಒಬ್ಬರದು, ಅಲ್ಲಿ ನಡೆಯುವ ಕೆಲಸ ಇನ್ನೊಬ್ಬರದು, ಕರೆಂಟ್ ಬಿಲ್ಲು ಮೂರನೆಯವರ ಹೆಸರಿನಲ್ಲಿ ಇರುವುದು ಸಾಮಾನ್ಯ.

ಆದ್ದರಿಂದ ಮನವಿ ಬರೆಯುವ ಮೊದಲು ಮೂರು ವಿಷಯ ಖಚಿತಪಡಿಸಿಕೊಳ್ಳಿ: ಈ ಸೇವೆಯ ಹೊಣೆ ಕಾನೂನಿನ ಪ್ರಕಾರ ಯಾರದು, ಹಣ ಯಾರ ಬಜೆಟ್ಟಿನಲ್ಲಿದೆ, ಆಸ್ತಿ ಯಾರ ಹೆಸರಿನಲ್ಲಿದೆ. ಹಳೆಯ ಬಿಬಿಎಂಪಿ ಜೊತೆ ಒಡಂಬಡಿಕೆ ಮಾಡಿಕೊಂಡ ಸಂಸ್ಥೆ ನಿಮ್ಮದಾಗಿದ್ದರೆ, ಅದು ಈಗ ಯಾವ ಪಾಲಿಕೆಗೆ ಅಥವಾ ಕಂಪನಿಗೆ ವರ್ಗವಾಗಿದೆ ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ. ಸಾಹೇಬರು ಬಾಯಲ್ಲಿ ಹೇಳಿದ "ನಡೀತದೆ ಬಿಡಿ" ಎಂಬ ಮಾತಿಗೆ ಲೆಕ್ಕಪತ್ರ ಶಾಖೆ ಹಣ ಬಿಡುವುದಿಲ್ಲ.

ಇದೇ ಹಂತದಲ್ಲಿ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಈ ಸೇವೆಯನ್ನು ಹಿಂದೆ ನಡೆಸಿದವರ ಒಪ್ಪಂದ, ದರ, ಕೊನೆಯ ಹನ್ನೆರಡು ತಿಂಗಳ ಬಿಲ್ಲು ಮತ್ತು ಆ ಬಿಲ್ಲು ಪಾವತಿಯಾದ ದಿನಾಂಕಗಳನ್ನು ಕೇಳಿ. ಉತ್ತರಕ್ಕೆ 30 ದಿನದ ಗಡುವಿದೆ. ಪಾವತಿ ದಿನಾಂಕಗಳ ಪಟ್ಟಿ ಸಿಕ್ಕರೆ ನಿಮಗೆಷ್ಟು ಕೈಹಣ ಬೇಕು ಎಂಬುದು ಅದರಲ್ಲೇ ಗೊತ್ತಾಗುತ್ತದೆ. ಒಪ್ಪಂದವಾದ ಮೇಲೆ ನಿಮಗೆ ಕೆಲಸ ಕೊಟ್ಟ ಕಚೇರಿಗೇ ಇಂಥ ಅರ್ಜಿ ಹಾಕಿದರೆ ಸಂಬಂಧ ಹಳಸುತ್ತದೆ. ಹಾಕುವುದಿದ್ದರೆ ಮುಂಚೆಯೇ ಹಾಕಿ.

ಕಾಗದ ಪತ್ರ

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ಸಂಘವಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960, ಸಹಕಾರ ಸಂಘವಾದರೆ 1959ರ ಸಹಕಾರ ಕಾಯ್ದೆ ಅಥವಾ 1997ರ ಸೌಹಾರ್ದ ಕಾಯ್ದೆ, ಕಂಪನಿಯಾದರೆ 2013ರ ಕಂಪನಿ ಕಾಯ್ದೆಯ ಸೆಕ್ಷನ್ 8. ಮೂರು ವರ್ಷದ ಆಡಿಟ್ ವರದಿ, ಪಾನ್, ಸ್ವಯಂಸೇವಾ ಸಂಸ್ಥೆಗಳ ದರ್ಪಣ್ ಪೋರ್ಟಲ್ಲಿನ ಗುರುತು ಸಂಖ್ಯೆ, ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳು (12ಎ, 80ಜಿ ಎಂದು ರೂಢಿ), ಕಂಪನಿಗಳು ಸಾಮಾಜಿಕ ಹೊಣೆಯೆಂದು ಕೊಡುವ ಸಿಎಸ್‌ಆರ್ ಹಣ ಬೇಕಿದ್ದರೆ ಸಿಎಸ್‌ಆರ್-1 ನೋಂದಣಿ, ಪಿಎಫ್ ಮತ್ತು ಇಎಸ್‌ಐ ಸಂಕೇತ ಸಂಖ್ಯೆ, ಡಿಜಿಟಲ್ ಸಹಿ ಇವನ್ನೆಲ್ಲ ಒಂದು ಫೈಲಿನಲ್ಲಿ ಸಿದ್ಧವಾಗಿಡಿ. ನಿಮ್ಮ ಉದ್ದೇಶಪತ್ರದಲ್ಲಿ ಈ ಸೇವೆಯ ಹೆಸರು ಇದೆಯೇ ಎಂದು ಒಮ್ಮೆ ಓದಿ ನೋಡಿ. "ಮಹಿಳೆಯರ ಏಳಿಗೆ" ಎಂದಷ್ಟೇ ಇರುವ ಟ್ರಸ್ಟು ಶೌಚಾಲಯ ನಿರ್ವಹಣೆಗೆ ಅರ್ಜಿ ಹಾಕಿದರೆ ತಾಂತ್ರಿಕ ಪರಿಶೀಲನೆಯಲ್ಲೇ ತಕರಾರು ಬರಬಹುದು.

ಟೆಂಡರೋ, ಒಡಂಬಡಿಕೆಯೋ

ಸರ್ಕಾರದ ಹಣ ನಿಮ್ಮ ಖಾತೆಗೆ ಬರಬೇಕೆಂದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯನ್ನು ದಾಟಿಯೇ ಬರಬೇಕು. ಎಲ್ಲರೂ ಇಂಗ್ಲಿಷ್ ಅಕ್ಷರಗಳಲ್ಲಿ ಕೆಟಿಪಿಪಿ ಎನ್ನುತ್ತಾರೆ. ನಿಮ್ಮ ಮುಂದಿರುವ ದಾರಿಗಳು ಇವು.

ಮುಕ್ತ ಟೆಂಡರು. ರಾಜ್ಯದ ಸಂಗ್ರಹಣಾ ಪೋರ್ಟಲ್ಲಿನಲ್ಲಿ ನೋಂದಾಯಿಸಿಕೊಂಡು ಬಿಡ್ ಹಾಕಬೇಕು. ಸಾಮಾನ್ಯವಾಗಿ ಎರಡು ಲಕೋಟೆ ಪದ್ಧತಿ: ಮೊದಲು ತಾಂತ್ರಿಕ, ಅದರಲ್ಲಿ ಪಾಸಾದವರ ಆರ್ಥಿಕ ಲಕೋಟೆ ಮಾತ್ರ ತೆರೆಯುತ್ತಾರೆ. ಸಣ್ಣ ಸಂಸ್ಥೆಗಳು ಬೀಳುವುದು ವಹಿವಾಟಿನ ಷರತ್ತಿನಲ್ಲಿ. ಮೂರು ವರ್ಷ ಕೋಟಿಗಟ್ಟಲೆ ವಹಿವಾಟು ತೋರಿಸಿ ಎಂದರೆ ಯಾವ ಸ್ತ್ರೀಶಕ್ತಿ ಒಕ್ಕೂಟ ತೋರಿಸೀತು? ಬಿಡ್ ಪೂರ್ವ ಸಭೆ ಇರುವುದೇ ಇದಕ್ಕೆ. ಅಲ್ಲಿ ಬಾಯಿಮಾತು ಬೇಡ, ಪತ್ರ ಕೊಡಿ: ವಹಿವಾಟಿನ ಬದಲು ಅದೇ ಸೇವೆಯ ಅನುಭವ ಪರಿಗಣಿಸಿ, ಇಡೀ ವಲಯಕ್ಕೆ ಒಂದೇ ಪ್ಯಾಕೇಜ್ ಮಾಡುವ ಬದಲು ವಾರ್ಡ್‌ವಾರು ಒಡೆಯಿರಿ ಎಂದು. ಕೆಲವು ಅಧಿಕಾರಿಗಳು ಒಪ್ಪುತ್ತಾರೆ. ಅವರಿಗೂ ಬಿಡ್ ಬಾರದ ಟೆಂಡರ್ ತಲೆನೋವು.

ಎರಡನೆಯದು ವಿನಾಯಿತಿ. ಕಾಯ್ದೆಯ 4(ಜಿ) ಅಡಿ ನಿರ್ದಿಷ್ಟ ಸಂಗ್ರಹಣೆಯೊಂದಕ್ಕೆ ಟೆಂಡರಿನಿಂದ ಬಿಡುಗಡೆ ಕೊಟ್ಟು ಸರ್ಕಾರ ಅಧಿಸೂಚನೆ ಹೊರಡಿಸಬಹುದು. ಈ ಕಡತ ಪಾಲಿಕೆಯಿಂದ ವಿಧಾನಸೌಧಕ್ಕೆ ಹೋಗಿ ಬರಬೇಕು. ಆರ್ಥಿಕ ಇಲಾಖೆ ಪ್ರಶ್ನೆ ಕೇಳದೆ ಬಿಡುವುದಿಲ್ಲ, ಕೇಳಬೇಕಾದ್ದೂ ಹೌದು. ಬೇರೆ ಯಾರೂ ಈ ಕೆಲಸ ಮಾಡಲಾರರು ಎಂದು ತೋರಿಸಲು ಆಧಾರವಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಮೂರನೆಯದು ಯೋಜನೆಯ ಮಾರ್ಗಸೂಚಿಯೇ ಸಂಸ್ಥೆಗಳಿಗೆ ಜಾಗ ಬಿಟ್ಟಿರುವ ಕಡೆ. ನಗರದ ನಿರ್ಗತಿಕರ ತಂಗುದಾಣಗಳದು ಇಂಥ ಉದಾಹರಣೆ: ಲಕ್ಷ ಜನಸಂಖ್ಯೆಗೆ ನೂರು ಜನ ತಂಗಬಹುದಾದ ಒಂದು ಕಾಯಂ ತಂಗುದಾಣ ಬೇಕೆಂಬ ಮಾನದಂಡವಿದೆ, ನಡೆಸಲು ಸಂಸ್ಥೆಗಳಿಗೆ ಕೊಡಬಹುದೆಂದೂ ಇದೆ. 2016ರ ಘನತ್ಯಾಜ್ಯ ನಿಯಮಗಳೂ ಚಿಂದಿ ಆಯುವವರನ್ನು ಮತ್ತು ಸ್ವಸಹಾಯ ಸಂಘಗಳನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ಬೆಂಗಳೂರಿನ ಹೊರವಲಯ ದಾಟಿದರೆ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳೇ ಸ್ವಚ್ಛ ವಾಹಿನಿ ಎಂಬ ಕಸದ ಗಾಡಿ ಓಡಿಸುವುದನ್ನು ನೋಡಬಹುದು. ಮನವಿಯಲ್ಲಿ ಇಂಥ ನಿಯಮದ ಸಾಲನ್ನೇ ಎತ್ತಿ ಬರೆಯಿರಿ. ಕಡತ ನೋಡುವ ಕೇಸ್ ವರ್ಕರ್ ಟಿಪ್ಪಣಿ ಬರೆಯುವಾಗ ಅದನ್ನೇ ನಕಲು ಮಾಡಿಕೊಳ್ಳುತ್ತಾರೆ.

ಕೊನೆಯದು ಹಣವಿಲ್ಲದ ಒಡಂಬಡಿಕೆ. ಪಾಲಿಕೆ ಜಾಗ ಕೊಡುತ್ತದೆ, ಖರ್ಚು ನಿಮ್ಮದು. ಸಹಿ ಬೇಗ ಬೀಳುವುದು ಇದಕ್ಕೇ, ಏಕೆಂದರೆ ಪಾಲಿಕೆಯ ಜೇಬಿಗೆ ಭಾರವಿಲ್ಲ. ಕೆರೆಗಳ ಕಥೆ ಕೇಳಿದರೆ ಇದರ ಅಪಾಯ ತಿಳಿಯುತ್ತದೆ. ಎರಡು ಸಾವಿರದ ದಶಕದಲ್ಲಿ ಹೆಬ್ಬಾಳ, ನಾಗವಾರ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟದ್ದು 2008ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಆಮೇಲೆ ಬಂದ ಕೆರೆ ಒಡಂಬಡಿಕೆಗಳ ಮೇಲೂ ಅದರ ನೆರಳು ಬಿತ್ತು. ಕೈಕೊಂಡ್ರಹಳ್ಳಿಯಂಥ ಕೆರೆಯನ್ನು ನೆರೆಹೊರೆಯವರೇ ಪಾಲಿಕೆಯ ಜೊತೆ ಸೇರಿ ಕಾಪಾಡಿಕೊಂಡರು, ನಿಜ. ಆದರೆ ಸಾರ್ವಜನಿಕ ಆಸ್ತಿಯ ಮೇಲೆ ಖಾಸಗಿ ಕೈ ಎಂಬ ಅನುಮಾನ ಬಂದಾಗ ನ್ಯಾಯಾಲಯ ಕಂಪನಿಯನ್ನೂ ಕಾಲೋನಿಯ ಸಮಿತಿಯನ್ನೂ ಬೇರೆ ಬೇರೆ ಇಟ್ಟು ನೋಡುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಹಣವಿಲ್ಲದ ಒಡಂಬಡಿಕೆ ಮಾಡಿಕೊಳ್ಳುವುದಾದರೆ ಅವಧಿ ಚಿಕ್ಕದಿರಲಿ, ಪ್ರವೇಶ ಎಲ್ಲರಿಗೂ ಮುಕ್ತವೆಂದು ಬರೆಯಿರಿ, ಪ್ರಾಯೋಜಕರ ಫಲಕ ಹಾಕುವುದಿಲ್ಲವೆಂದೂ ಬರೆಯಿರಿ.

ಇನ್ನೊಂದು ಬಲೆ "ಮೂರು ತಿಂಗಳು ಪ್ರಾಯೋಗಿಕವಾಗಿ ಉಚಿತವಾಗಿ ಮಾಡಿ ತೋರಿಸಿ" ಎಂಬುದು. ಮಾಡಿ, ತಪ್ಪಿಲ್ಲ. ಆದರೆ ಪತ್ರದಲ್ಲಿ ಮುಗಿಯುವ ದಿನಾಂಕ ಮತ್ತು ಅಳೆಯುವ ಅಂಶ ಎರಡೂ ಇರಬೇಕು. ಇಲ್ಲದಿದ್ದರೆ ಪ್ರಯೋಗ ವರ್ಷಗಟ್ಟಲೆ ಎಳೆಯುತ್ತದೆ.

ಲೆಕ್ಕ

ಇಲ್ಲಿ ನಿಧಾನವಾಗಿ ಓದಿ. ಸಾಮಾಜಿಕ ಸಂಸ್ಥೆಗಳು ಸೇವೆಯ ನಿಜವಾದ ಬೆಲೆಯನ್ನು ಹೇಳಲು ನಾಚುತ್ತವೆ. ನಾಚಬಾರದು.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಬ್ಬ ಕೆಲಸಗಾರರ ತಿಂಗಳ ಒಟ್ಟು ಸಂಬಳ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಪಿಎಫ್‌ಗೆ ಮಾಲೀಕರ ಪಾಲು ಆಡಳಿತ ಶುಲ್ಕ ಸೇರಿ 13%, 15,000ದ ಮಿತಿಗೆ 1,950 ರೂಪಾಯಿ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ 3.25%, ಅಂದರೆ 585. ಬೋನಸ್ಸಿಗೆ 8.33% ಎತ್ತಿಟ್ಟರೆ 1,500ರ ಹತ್ತಿರ. ಗ್ರಾಚ್ಯುಟಿಗೆ 4.81%, 866. ಕೂಡಿದರೆ 22,900 ಆಯಿತು. ಕಾನೂನಿನ ಪ್ರಕಾರ ಇಎಸ್‌ಐ ಹತ್ತು ಜನರಿಂದ, ಪಿಎಫ್ ಇಪ್ಪತ್ತು ಜನರಿಂದ ಕಡ್ಡಾಯ. ಆದರೆ ಟೆಂಡರಿನಲ್ಲಿ ಎಷ್ಟೇ ಜನರಿದ್ದರೂ ಎರಡನ್ನೂ ಕೇಳುವುದು ರೂಢಿ. ಚಿಂದಿ ಆಯುತ್ತಿದ್ದವರಿಗೆ ಕೆಲಸ ಕೊಡುತ್ತೇವೆಂದು ಹೇಳಿಕೊಳ್ಳುವ ಸಂಸ್ಥೆ ಅದನ್ನು ಉಳಿಸಲು ಹೋಗುವುದು ಶೋಭೆಯೂ ಅಲ್ಲ.

ಈಗ ವಾರದ ರಜೆ. ಏಳು ದಿನವೂ ಹನ್ನೆರಡು ಜನ ಬೇಕಾದ ಕೆಲಸಕ್ಕೆ ಹನ್ನೆರಡು ಜನ ಸಾಲುವುದಿಲ್ಲ. ಆರು ಜನಕ್ಕೊಬ್ಬರಂತೆ ಬದಲಿ ಬೇಕು, ಹದಿನಾಲ್ಕು ಆಗುತ್ತದೆ. ತಿಂಗಳಿಗೆ 3,20,600 ರೂಪಾಯಿ, ಬರೀ ಜನರಿಗೆ. ಇದರ ಮೇಲೆ ಗ್ಲೌಸು, ಬೂಟು, ಸಮವಸ್ತ್ರ, ಡೀಸೆಲ್, ವಿಮೆ, ಮೇಲ್ವಿಚಾರಕರು, ಲೆಕ್ಕ ಬರೆಯುವವರು, ಆಡಿಟರ್ ಶುಲ್ಕ. ಬಿಲ್ಲು ಮೂರು ತಿಂಗಳು ತಡವಾದರೆ ಸಂಬಳಕ್ಕೆಂದೇ 9.6 ಲಕ್ಷ ಕೈಯಲ್ಲಿರಬೇಕು. ಇಲ್ಲವೆಂದರೆ ಈ ಕೆಲಸಕ್ಕೆ ಇನ್ನೂ ಸಮಯ ಬಂದಿಲ್ಲ. ಬಡ್ಡಿಗೆ ತಂದು ಸಂಬಳ ಕೊಡುವ ಸಂಸ್ಥೆ ವರ್ಷ ದಾಟುವುದು ಕಷ್ಟ.

ಸಿಎಸ್‌ಆರ್ ಹಣದ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಅದರಲ್ಲಿ ಮಾಲನ್ನು ಅದುಮಿ ಕಟ್ಟು ಮಾಡುವ ಬೇಲಿಂಗ್ ಯಂತ್ರ, ತೂಕದ ಕಾಟಾ, ಗಾಡಿ ಕೊಳ್ಳಿ. ಸಂಬಳ ಕೊಡಬೇಡಿ. ಸಂಬಳಕ್ಕೆ ಬಳಸಿದರೆ ನೀವು ಪಾಲಿಕೆಗೆ ಸುಳ್ಳು ದರ ತೋರಿಸಿದಂತೆ. ಮುಂದಿನ ಟೆಂಡರಿನಲ್ಲಿ ಅದೇ ದರ ಅಂದಾಜು ಪಟ್ಟಿಗೆ ಬರುತ್ತದೆ, ಕಂಪನಿಯ ಹಣ ಮುಗಿದಿರುತ್ತದೆ. ಹಾಗೆಯೇ ಕನಿಷ್ಠ ವೇತನಕ್ಕೂ ಕೆಳಗೆ ದರ ಹಾಕಿ ಎಲ್-1, ಅಂದರೆ ಅತಿ ಕಡಿಮೆ ದರದ ಬಿಡ್‌ದಾರರು, ಆದವರನ್ನು ನೋಡಿ ಹೊಟ್ಟೆ ಉರಿದುಕೊಳ್ಳುವ ಬದಲು, ಪಿಎಫ್ ಸೇರಿ ಕನಿಷ್ಠ ವೆಚ್ಚದ ಲೆಕ್ಕ ಮಾಡಿ ಆ ದರ ಸಾಧ್ಯವೇ ಇಲ್ಲವೆಂದು ಟೆಂಡರ್ ಪರಿಶೀಲನಾ ಹಂತದಲ್ಲೇ ಆಕ್ಷೇಪಣೆ ಕೊಡಿ. ತಿರಸ್ಕಾರದ ಆದೇಶ ಬಂದರೆ ಕೆಟಿಪಿಪಿ ಕಾಯ್ದೆಯ 16ನೇ ಸೆಕ್ಷನ್ನಿನಲ್ಲಿ ಮೇಲ್ಮನವಿಗೆ ಅವಕಾಶವಿದೆ.

ತೆರಿಗೆಯಲ್ಲಿ ಒಂದು ಅನುಕೂಲ: ಸಂವಿಧಾನದ 12ನೇ ಅನುಸೂಚಿಯಲ್ಲಿರುವ ಪೌರ ಕಾರ್ಯಗಳಿಗೆ ಸಂಬಂಧಿಸಿ ಸ್ಥಳೀಯ ಸಂಸ್ಥೆಗೆ ಕೊಡುವ ಶುದ್ಧ ಸೇವೆಗೆ, ಅಂದರೆ ಸಾಮಗ್ರಿ ಸೇರದ ಸೇವೆಗೆ, ಜಿಎಸ್‌ಟಿ ವಿನಾಯಿತಿ ಇದೆ. ಸಾಮಗ್ರಿ ಮೌಲ್ಯ ಕಾಲು ಭಾಗ ಮೀರದಿದ್ದರೂ ವಿನಾಯಿತಿ ಸಿಗುತ್ತದೆ. ಗುಜರಿ ಮಾರಾಟದ ಜಿಎಸ್‌ಟಿ ಬೇರೆ. ಎರಡನ್ನೂ ಒಂದೇ ಬಿಲ್ ಪುಸ್ತಕದಲ್ಲಿ ಬರೆಯಬೇಡಿ.

ಒಣ ತ್ಯಾಜ್ಯ ಕೇಂದ್ರವಾದರೆ

ಹೆಚ್ಚಿನವರು ಕೇಳುವುದು ಇದನ್ನೇ, ಆದ್ದರಿಂದ ಪ್ರತ್ಯೇಕವಾಗಿ ಹೇಳುತ್ತೇನೆ. 2012ರಲ್ಲಿ, ಊರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ಕಸದ ಲಾರಿ ತಡೆದ ಕಾಲದಿಂದ ಬೆಂಗಳೂರಿನಲ್ಲಿ ವಾರ್ಡಿಗೊಂದು ಕೇಂದ್ರ ಎಂಬ ಮಾತು ಬಲವಾಯಿತು. 2015ರಲ್ಲಿ ಎರಡು ಬುಟ್ಟಿ ಒಂದು ಚೀಲದ ವಿಂಗಡಣೆಯನ್ನು (ಹಸಿ ಕಸಕ್ಕೂ ಬಿಸಾಡುವ ಕಸಕ್ಕೂ ಒಂದೊಂದು ಬುಟ್ಟಿ, ಒಣ ಕಸಕ್ಕೆ ಚೀಲ) ಹೈಕೋರ್ಟೇ ಹೇಳಿತು. ಹಸಿರು ದಳದಂಥ ಸಂಸ್ಥೆಗಳು ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಕೊಡಿಸಿ, ಅವರನ್ನೇ ಕೇಂದ್ರಗಳ ನಿರ್ವಾಹಕರನ್ನಾಗಿ ನಿಲ್ಲಿಸಿದವು.

ಕೇಂದ್ರಕ್ಕೆ ಬರುವ ಮಾಲನ್ನು ನೋಡಿದರೆ ಅದರ ಅರ್ಥಶಾಸ್ತ್ರ ತಿಳಿಯುತ್ತದೆ. ಪೆಟ್ ಬಾಟಲಿ, ಹಾಲಿನ ಕವರು, ರಟ್ಟು, ಅಲ್ಯೂಮಿನಿಯಂ ಇವಕ್ಕೆ ಬೆಲೆಯಿದೆ. ಚಿಪ್ಸ್ ಪೊಟ್ಟಣದಂಥ ಪದರ ಪ್ಲಾಸ್ಟಿಕ್ಕು, ಥರ್ಮಾಕೋಲು, ಹರಿದ ಚಪ್ಪಲಿ, ಹಳೇ ಬಟ್ಟೆ ಇವನ್ನು ಸಾಗಿಸಲು ನೀವೇ ದುಡ್ಡು ಕೊಡಬೇಕು. ಬೆಲೆಬಾಳುವುದು ಆಟೊ ಟಿಪ್ಪರಿನಲ್ಲೇ ಬೇರೆಯಾಗಿ ದಾರಿಯ ಗುಜರಿ ಅಂಗಡಿ ಸೇರುತ್ತದೆ. ಅದು ಪೌರಕಾರ್ಮಿಕರ, ಚಾಲಕರ ಟೀ ಕಾಸು. ಅದನ್ನು ಕಳ್ಳತನವೆಂದು ಕೂಗಾಡಿದರೆ ಮರುದಿನದಿಂದ ನಿಮ್ಮ ಬಾಗಿಲಿಗೆ ಗಾಡಿಯೇ ಬರುವುದಿಲ್ಲ. ಕಿಲೋಗೆ ಇಷ್ಟು ಎಂದು ಅವರಿಂದಲೇ ಕೊಂಡುಕೊಳ್ಳುವ ದರಪಟ್ಟಿ ಹಾಕಿ, ಸಂಜೆಯೇ ಹಣ ಕೊಡಿ.

ಮಾರಾಟಕ್ಕೆ ಜಾಲಿ ಮೊಹಲ್ಲಾದ ಮಂಡಿ, ನಾಯಂಡಹಳ್ಳಿಯ ಪ್ಲಾಸ್ಟಿಕ್ ಘಟಕಗಳ ದರವನ್ನು ವಾರಕ್ಕೊಮ್ಮೆ ವಿಚಾರಿಸಿ. ಒದ್ದೆ ರಟ್ಟಿಗೆ ತೂಕ ಕಡಿತ ಮಾಡುತ್ತಾರೆ, ಮುಂಗಾರಿಗೆ ಮೊದಲು ಶೆಡ್ಡಿನ ಚಾವಣಿ ಸರಿಯಾಗಬೇಕು. ಬೆಂಕಿ ಇನ್ನೊಂದು ಭಯ. ಮಾಲಿನ ವಿಮೆ ನಿಮ್ಮದು, ಕಟ್ಟಡದ ವಿಮೆ ಪಾಲಿಕೆಯದು ಎಂದು ಬರೆಸಿಕೊಳ್ಳಿ. ಮಾರಲಾಗದ ಉಳಿಕೆಯನ್ನು ಯಾರು ಎತ್ತುತ್ತಾರೆ, ವಾರದಲ್ಲಿ ಎಷ್ಟು ಬಾರಿ ಎಂಬುದನ್ನಂತೂ ಬರೆಸಿಕೊಳ್ಳದೆ ಬೀಗದ ಕೈ ತೆಗೆದುಕೊಳ್ಳಬೇಡಿ.

ಪುಣೆಯಲ್ಲಿ 2008ರಿಂದ ಸ್ವಚ್ ಎಂಬ ಚಿಂದಿ ಆಯುವವರ ಸಹಕಾರ ಸಂಸ್ಥೆ ಮನೆಮನೆಯಿಂದ ಬಳಕೆದಾರರ ಶುಲ್ಕವನ್ನೇ ಪಡೆದು ನಡೆಯುತ್ತಿದೆ. ಪಾಲಿಕೆಯ ಬಿಲ್ಲಿಗೆ ಕಾಯುವ ಪಾಡು ಅಷ್ಟು ಕಡಿಮೆ. ಇಲ್ಲಿ ಅದು ಕಷ್ಟ, 2025ರ ಏಪ್ರಿಲ್‌ನಿಂದ ಕಸದ ಶುಲ್ಕ ಆಸ್ತಿ ತೆರಿಗೆಯ ಜೊತೆಗೇ ಹೋಗುತ್ತಿದೆ. ಮನೆಯವರು ಎರಡು ಸಲ ಏಕೆ ಕೊಟ್ಟಾರು? ಆದರೆ ದೊಡ್ಡ ಅಪಾರ್ಟ್‌ಮೆಂಟುಗಳು ತಮ್ಮ ಕಸಕ್ಕೆ ತಾವೇ ಮಾನ್ಯತೆ ಪಡೆದ ಸಂಸ್ಥೆಯನ್ನು ಗೊತ್ತುಮಾಡಿಕೊಳ್ಳಬೇಕು. ಆ ಮಾನ್ಯತೆ ಪಡೆದು ನಾಲ್ಕು ಅಪಾರ್ಟ್‌ಮೆಂಟ್ ಹಿಡಿದರೆ ವಾರ್ಡಿನ ಕೇಂದ್ರದ ತಡವಾದ ಬಿಲ್ಲನ್ನು ತಾಳಿಕೊಳ್ಳುವ ಶಕ್ತಿ ಬರುತ್ತದೆ.

ಒಪ್ಪಂದದಲ್ಲಿ ಏನಿರಬೇಕು

ಅವಧಿ ಮೂರು ವರ್ಷಕ್ಕಿಂತ ಕಡಿಮೆ ಬೇಡ. ವರ್ಷವರ್ಷ ನವೀಕರಣವೆಂದರೆ ವರ್ಷದಲ್ಲಿ ನಾಲ್ಕು ತಿಂಗಳು ಕಡತದ ಹಿಂದೆಯೇ ಓಡಾಟ. ರಾಜ್ಯದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ಗೆ ಬದಲಾಗುತ್ತದೆ. ನಿಮ್ಮ ದರವೂ ಅದರೊಂದಿಗೆ ತಾನಾಗಿಯೇ ಏರಬೇಕೆಂಬ ಸಾಲು ಇರಲಿ. ದಂಡಕ್ಕೆ ತಿಂಗಳ ಬಿಲ್ಲಿನ ಇಷ್ಟು ಶೇಕಡಾ ಮೀರಬಾರದೆಂಬ ಮಿತಿ ಇರಲಿ. ಪಾಲಿಕೆ ಮಾಡಬೇಕಾದ ಕೆಲಸ, ನೀರು, ಕರೆಂಟು, ಉಳಿಕೆ ಎತ್ತುವುದು, ನಿಂತರೆ ಆ ದಿನ ನಿಮಗೆ ದಂಡವಿಲ್ಲ ಎಂದೂ ಇರಲಿ. ಈ ಕೊನೆಯದನ್ನು ಕೇಳಿದರೆ ಅಧಿಕಾರಿಗಳು ನಗುತ್ತಾರೆ. ಆದರೂ ಕೇಳಿ.

ಅಳತೆ ಏನು ಎಂಬುದರ ಮೇಲೆ ಸೇವೆಯ ಸ್ವಭಾವವೇ ನಿಂತಿದೆ. ಕೇಂದ್ರಕ್ಕೆ ಟನ್ನಿನ ಲೆಕ್ಕದಲ್ಲಿ ಹಣವೆಂದರೆ ಒದ್ದೆ ಮಣ್ಣೂ ತೂಗುತ್ತದೆ. ತಂಗುದಾಣಕ್ಕೆ ತಲೆಯ ಲೆಕ್ಕವೆಂದರೆ ಕುಡಿದು ಬಂದವರನ್ನು, ಕಾಯಿಲೆಯವರನ್ನು ಹೊರಗಿಟ್ಟು ಸುಲಭದವರನ್ನೇ ತುಂಬುವ ಆಸೆ ಹುಟ್ಟುತ್ತದೆ. ನಿಗದಿತ ಖರ್ಚಿಗೆ ಒಂದು ತಿಂಗಳ ಮೊತ್ತ, ಅದರ ಮೇಲೆ ಕೆಲಸದ ಪ್ರಮಾಣಕ್ಕೆ ಸ್ವಲ್ಪ, ಹೀಗೆ ಎರಡು ಭಾಗ ಮಾಡಿಸುವುದು ಮೇಲು.

ಗುಜರಿ ಮಾರಾಟದ ಹಣ ನಿರ್ವಾಹಕರದು ಎಂದು ಸ್ಪಷ್ಟವಾಗಿ ಬರೆಸಿ. ರದ್ದು ಮಾಡಬೇಕಿದ್ದರೆ ಎರಡೂ ಕಡೆಗೆ 90 ದಿನದ ನೋಟಿಸು.

ಬಿಲ್ಲಿನ ದಾರಿ

ಕೆಲಸ ಶುರುವಾಗುವ ಮೊದಲೇ ಈ ದಾರಿಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಲೆಕ್ಕ ಶೀರ್ಷಿಕೆ, ಆಡಳಿತಾತ್ಮಕ ಅನುಮೋದನೆ, ಜಾಬ್ ಕೋಡ್ (ಆ ಕೆಲಸಕ್ಕೆ ಪಾಲಿಕೆ ಕೊಡುವ ಸಂಖ್ಯೆ), ಕಾರ್ಯಾದೇಶ, ತಿಂಗಳ ಹಾಜರಿ ಮತ್ತು ತೂಕದ ದೃಢೀಕರಣ, ಎಂಜಿನಿಯರ್ ಅಥವಾ ಆರೋಗ್ಯ ನಿರೀಕ್ಷಕರ ಸಹಿ, ಲೆಕ್ಕಪತ್ರ ಶಾಖೆ, ಬಿಲ್ ರಿಜಿಸ್ಟರಿನ ಸಂಖ್ಯೆ, ಪಾವತಿ. ಜಾಬ್ ಕೋಡ್ ಇಲ್ಲದ ಕಾರ್ಯಾದೇಶ ಹಿಡಿದು ಕೆಲಸ ಶುರು ಮಾಡಬೇಡಿ. ತಿಂಗಳ ಐದನೇ ತಾರೀಖಿನೊಳಗೆ ಬಿಲ್ಲು ಕೊಟ್ಟು ತಪಾಲು ವಿಭಾಗದಲ್ಲಿ ಇನ್‌ವರ್ಡ್ ಸಂಖ್ಯೆ ಮತ್ತು ಮೊಹರು ಹಾಕಿಸಿಕೊಳ್ಳಿ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇ ಕಾಯ್ದೆಯಂತೆ 45 ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ಬಡ್ಡಿಯನ್ನೂ ಕೇಳಬಹುದು. ಆ ಗಡುವು ಲೆಕ್ಕವಾಗಲು ಆ ಮೊಹರು ಬೇಕು.

ಬಿಲ್ಲಿನಲ್ಲಿ ಪರ್ಸೆಂಟೇಜ್, ಅಂದರೆ ಲಂಚ, ಕೇಳಿದರೆ? ದರದಲ್ಲಿ ಅದನ್ನು ಸೇರಿಸಿಕೊಂಡು ಲೆಕ್ಕ ಹಾಕುವವರಿದ್ದಾರೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವರೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ. ಲೋಕಾಯುಕ್ತಕ್ಕೆ ಹೋಗುವ ಧೈರ್ಯ ನಿಮ್ಮ ಆಡಳಿತ ಮಂಡಳಿಗೆ ಇದೆಯೇ ಎಂದು ಸಹಿ ಹಾಕುವ ಮೊದಲೇ ಸಭೆಯಲ್ಲಿ ಮಾತಾಡಿ ನಡಾವಳಿಯಲ್ಲಿ ಬರೆದಿಡಿ. ಆಮೇಲೆ ಕಾರ್ಯದರ್ಶಿಯೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ವಾರ್ಡಿನ ಜನ

ಕೇಂದ್ರ ಬೇಕು, ಆದರೆ ನಮ್ಮ ಮನೆಯ ಮುಂದೆ ಬೇಡ ಎನ್ನುವ ನಿವಾಸಿಗಳ ಸಂಘ ಎಲ್ಲೆಡೆ ಇದೆ. ಫಲಕ ಹಾಕುವ ಮೊದಲು ಅವರನ್ನು ಕರೆದು ಇನ್ನೊಂದು ವಾರ್ಡಿನ ಚೊಕ್ಕ ಕೇಂದ್ರ ತೋರಿಸಿ. ವಾರ್ಡ್ ಸಮಿತಿಯ ಸಭೆಯಲ್ಲಿ ವಿಷಯ ಮಂಡಿಸಿ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಊರು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿತ್ತು, ಅಧಿಕಾರಿ ವರ್ಗವಾದರೆ ಅವರ ಜೊತೆ ಮಾತುಕತೆಯೂ ವರ್ಗವಾದಂತೆ. ಹೊಸಬರು ಬಂದ ವಾರದಲ್ಲೇ ಒಂದು ಪುಟದ ಟಿಪ್ಪಣಿ ಹಿಡಿದು ಹೋಗಿ ಪರಿಚಯ ಮಾಡಿಕೊಳ್ಳಿ. ಆ ವಾರ್ಡಿನಲ್ಲಿ ಈಗಾಗಲೇ ಚೀಲ ಹೊತ್ತು ಓಡಾಡುವವರನ್ನು ಮೊದಲು ಕೆಲಸಕ್ಕೆ ಕೇಳಿ, ಆಮೇಲೆ ಹೊರಗಿನವರನ್ನು.

ಮುಗಿಯುವಾಗ

ಅವಧಿ ಮುಗಿಯಲು ಆರು ತಿಂಗಳಿರುವಾಗ ನವೀಕರಣದ ಪತ್ರ ಹೋಗಬೇಕು. ಅವಧಿ ದಾಟಿದ ಮೇಲೂ "ಮುಂದುವರಿಸಿ" ಎಂದರೆ ತಾತ್ಕಾಲಿಕ ವಿಸ್ತರಣೆಯ ಆದೇಶ ಕೇಳಿ. ಆದೇಶವಿಲ್ಲದ ತಿಂಗಳ ಬಿಲ್ಲಿಗೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಗ್ಯಾರಂಟಿ. ನವೀಕರಣ ಸಿಗದಿದ್ದರೆ ಪಾಲಿಕೆಯ ಯಂತ್ರ, ನಿಮ್ಮ ಯಂತ್ರ ಬೇರೆ ಬೇರೆ ಪಟ್ಟಿ ಮಾಡಿ, ಜಂಟಿ ಪರಿಶೀಲನೆ ನಡೆಸಿ, ಬೀಗದ ಕೈ ಒಪ್ಪಿಸಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಕೆಲಸಗಾರರನ್ನು ಹೊಸ ನಿರ್ವಾಹಕರು ಮುಂದುವರಿಸುತ್ತಾರೆಯೇ ಎಂದು ಲಿಖಿತವಾಗಿ ಕೇಳಿ, ಇಲ್ಲವೆಂದರೆ ಅವರ ಪಿಎಫ್, ಗ್ರಾಚ್ಯುಟಿ ಲೆಕ್ಕ ಚುಕ್ತಾ ಮಾಡಿ. ಭದ್ರತಾ ಠೇವಣಿ ವಾಪಸು ಕೇಳುವ ಅರ್ಜಿಯನ್ನು ಅದೇ ದಿನ, ಅದೇ ತಪಾಲಿನಲ್ಲಿ ಕೊಟ್ಟು ಬನ್ನಿ.